ಕನ್ನಡದ ಮಕ್ಕಳೂ ಇಂಗ್ಲಿಷಿನ ವ್ಯಾಕರಣವೂ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಬಂಕಾಪುರವನ್ನು ಇಂದು ಜನರು ಅಲ್ಲಿಯ ಕೋಟೆ, ನಗರೇಶ್ವರ ದೇವಾಲಯ ಮತ್ತು ನವಿಲುಗಳಿಗಾಗಿ ನೆನೆಯುತ್ತಾರೆ. ಆದರೆ ಆ ಊರು ಹಿಂದೆ ವಿದ್ಯೆಯ ನೆಲೆಯೂ ಆಗಿತ್ತು. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕನಾದ ಬಂಕೆಯನ ಹೆಸರನ್ನು ಹೊತ್ತ ಈ ಪಟ್ಟಣದಲ್ಲಿ ಗುಣಭದ್ರನ ಉತ್ತರಪುರಾಣವೆಂಬ ಸಂಸ್ಕೃತ ಗ್ರಂಥವು ಶಕ 820ರಲ್ಲಿ ಪೂಜೆಗೊಂಡಿತೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ಮನೆಯಲ್ಲಿ ಕನ್ನಡವನ್ನಾಡಿ ಓದಿಗಾಗಿ ಮತ್ತೊಂದು ಭಾಷೆಯನ್ನು ಕಲಿಯುವುದು ಈ ನೆಲಕ್ಕೆ ಹೊಸದಲ್ಲ. ಅಂದಿನ ವಿದ್ಯಾರ್ಥಿಯು ಕನ್ನಡದಲ್ಲಿಲ್ಲದ ದ್ವಿವಚನವನ್ನು ಕಲಿಯಬೇಕಾಗಿತ್ತು. ಇಂದಿನ ವಿದ್ಯಾರ್ಥಿಯು ಇಂಗ್ಲಿಷಿನ ‘ಎ’, ‘ದಿ’ಗಳೊಡನೆ ಹೆಣಗುತ್ತಾನೆ.

2007-08ನೆಯ ಸಾಲಿನಿಂದ ನಮ್ಮ ಸರಕಾರಿ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಬಂದಿದೆ. ಮಗುವು ಒಂದು ವಾಕ್ಯವನ್ನು ತಪ್ಪಾಗಿ ಆಡಿದರೆ ಅದನ್ನು ದಡ್ಡತನವೆಂದು ತಿಳಿದು ಗದರಿಸುವ ಹಿರಿಯರು ಕಡಿಮೆಯಲ್ಲ. ಹಾಗೆ ಬೈಸಿಕೊಂಡ ಮಗುವು ಕ್ರಮೇಣ ಬಾಯಿ ತೆರೆಯುವುದನ್ನೇ ಬಿಡುತ್ತದೆ. ಆ ತಪ್ಪುಗಳನ್ನು ತುಸು ಪರೀಕ್ಷಿಸಿದರೆ, ಅವುಗಳಲ್ಲಿ ಬಹಳಷ್ಟು ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದುದರ ಫಲವೆಂದು ನಮಗೆ ತೋರುತ್ತದೆ.

ನಮ್ಮ ‘ಕೇಳು’ ಎಂಬ ಒಂದೇ ಮಾತನ್ನು ನೋಡಿರಿ. ಗುಡುಗು ಕೇಳುತ್ತದೆ, ಪುರಾಣವನ್ನು ಕೇಳುತ್ತೇವೆ, ದಾರಿಯನ್ನೂ ಕೇಳುತ್ತೇವೆ. ಇಂಗ್ಲಿಷಿನವರಿಗೆ ಇವು ಮೂರು ಬೇರೆ ಕೆಲಸಗಳು: ಸದ್ದು ತಾನಾಗಿ ಕಿವಿಗೆ ಬಿದ್ದರೆ ‘ಹಿಯರ್’, ಮನಸ್ಸಿಟ್ಟು ಆಲಿಸಿದರೆ ‘ಲಿಸನ್’, ಪ್ರಶ್ನಿಸಿದರೆ ‘ಆಸ್ಕ್’. ನಾವು ‘ನನಗೆ ಜ್ವರ ಬಂದಿದೆ’ ಎಂದು ಜ್ವರವನ್ನೇ ಕರ್ತೃವಾಗಿ ಮಾಡುತ್ತೇವೆ. ಅವರು ‘ಐ ಹ್ಯಾವ್ ಎ ಫೀವರ್’ ಎಂದು ತಮ್ಮನ್ನೇ ಮುಂದಿಡುತ್ತಾರೆ. ತಂದೆಯವರು ಬಂದರೆಂಬುದನ್ನು ಹೇಳಹೊರಟ ಹುಡುಗನು ‘ದೇ ಕೇಮ್’ ಎಂದರೆ, ಅದು ಅವನು ಮನೆಯಲ್ಲಿ ಕಲಿತ ಗೌರವದ ಬಹುವಚನ. ಇಂಗ್ಲಿಷಿನಲ್ಲಿ ತಂದೆಗೂ ‘ಹೀ’ ಎನ್ನಬೇಕು. ಅದರಿಂದ ಗೌರವಕ್ಕೆ ಕುಂದಿಲ್ಲ.

‘ನೀನು ಉಣ್ಣಲಿಲ್ಲವೇ?’ ಎಂದರೆ ಉಣ್ಣದವನು ‘ಹೌದು, ಉಣ್ಣಲಿಲ್ಲ’ ಎನ್ನುತ್ತಾನೆ. ಕೇಳಿದವನ ಮಾತು ಸರಿಯೆಂದು ಒಪ್ಪುವುದು ನಮ್ಮ ಕ್ರಮ. ಇಂಗ್ಲಿಷಿನಲ್ಲಿ ಉತ್ತರವು ನಡೆದ ಸಂಗತಿಗೆ ಹೊಂದಬೇಕು. ಊಟ ನಡೆಯದಿದ್ದರೆ ‘ನೋ’ ಎಂದೇ ಆರಂಭಿಸಬೇಕು. ಇದನ್ನರಿಯದೆ ‘ಯೆಸ್’ ಎಂದವನು ಹಸಿದೇ ಉಳಿದಾನು! ‘ನಿನ್ನೆಯೇ ಬಂದಿದ್ದೇನೆ’ ಎಂಬುದು ಕನ್ನಡದಲ್ಲಿ ಸಾಧುವಾದ ಮಾತು. ಇಂಗ್ಲಿಷಿನಲ್ಲಿಯಾದರೋ ‘ಯೆಸ್ಟರ್‌ಡೇ’ ಎಂದ ಮೇಲೆ ‘ಹ್ಯಾವ್ ಕಮ್’ ಎನ್ನಲಾಗದು. ‘ಕೇಮ್’ ಎಂದೇ ಹೇಳಬೇಕು.

ಕೊರತೆಯು ನಮ್ಮದೊಂದೇ ಎಂದು ತಿಳಿಯಬಾರದು. ‘ನೀವು ನಿಮ್ಮ ತಂದೆಗೆ ಎಷ್ಟನೆಯ ಮಗ?’ ಎಂಬ ಸರಳ ಪ್ರಶ್ನೆಯನ್ನು ಕೇಳಲು ಇಂಗ್ಲಿಷಿನಲ್ಲಿ ರೂಢಿಯ ಒಂದೇ ಶಬ್ದವಿಲ್ಲ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರಿಗೂ ಅಲ್ಲಿ ‘ಅಂಕಲ್’ ಒಂದೇ.

ಆದುದರಿಂದ ತಿದ್ದುವಾಗ ‘ತಪ್ಪು’ ಎಂದಷ್ಟೇ ಹೇಳದೆ, ‘ನಮ್ಮಲ್ಲಿ ಹೀಗೆ, ಅವರಲ್ಲಿ ಹಾಗೆ’ ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕೆಂಬುದು ನಮ್ಮ ಸೂಚನೆ. ಇದಕ್ಕೆ ಇಂಗ್ಲಿಷು ಬಾರದ ತಾಯಂದಿರೂ ನೆರವಾಗಬಲ್ಲರು. ‘ಒಂದೂರಿನಲ್ಲಿ ಒಬ್ಬ ರಾಜನಿದ್ದನು, ಆ ರಾಜನಿಗೆ ಇಬ್ಬರು ಮಕ್ಕಳು’ ಎಂದು ತಾಯಿಯು ಕಥೆ ಹೇಳುವಾಗ, ಮೊದಲು ಬಂದ ‘ಒಬ್ಬ’ ಎಂಬುದು ಇಂಗ್ಲಿಷಿನ ‘ಎ’, ಅನಂತರ ಬಂದ ‘ಆ’ ಎಂಬುದು ‘ದಿ’. ಎಲ್ಲ ಕಡೆಗೂ ಇದು ಸಾಲದಾದರೂ ಆರಂಭಕ್ಕೆ ಇಷ್ಟು ಸಾಕು. ಕಥೆ ಕೇಳಿ ಬೆಳೆದ ಮಗುವಿಗೆ ಈ ಭೇದವು ಆಗಲೇ ತಿಳಿದಿದೆ. ತನಗೆ ತಿಳಿದಿದೆಯೆಂಬುದನ್ನು ಅದಕ್ಕೆ ತೋರಿಸಿಕೊಡುವುದಷ್ಟೇ ಹಿರಿಯರ ಕೆಲಸ.