ಮಡಚಿದ ಕಾಗದಕ್ಕೆ ಎಷ್ಟು ತೂತು?

ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣದ ಗದ್ದಲ ದಾಟಿ ಒಳಗೆ ನಡೆದರೆ ಹಳೇ ಊರಿನ ಬೀದಿಗಳು ಇನ್ನೂ ಅಂಕುಡೊಂಕಾಗಿಯೇ ಉಳಿದಿವೆ. ಅಂಥದ್ದೊಂದು ಬೀದಿಯ ಬಾಡಿಗೆ ಮನೆಯ ತಾರಸಿ, ಮೇಲೆ ತಗಡಿನ ಶೀಟು, ಕೆಳಗೆ ಜಮಖಾನ. ಗೋಡೆಯ ಬ್ಯಾನರಿನಲ್ಲಿ ದಪ್ಪಕ್ಷರ: ‘ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ’. ವಿಜಯಪುರ, ಬಾಗಲಕೋಟೆ ಕಡೆ ಯಾವ ಬಸ್ ಸ್ಟ್ಯಾಂಡಿನ ಗೋಡೆ ನೋಡಿದರೂ ಪರೀಕ್ಷೆ ಬರೆದು ಸೇರಬೇಕಾದ ವಸತಿ ಶಾಲೆಗಳ ಈ ನಾಲ್ಕು ಹೆಸರು ಒಂದೇ ಉಸಿರಿಗೆ ಬರುತ್ತವೆ. ಜಯನಗರ, ಜೆ.ಪಿ. ನಗರದವರ ಮಾತಿನಲ್ಲಿ ಮಾತ್ರ ಅಷ್ಟಾಗಿ ಕೇಳುವುದಿಲ್ಲ. ಇಲ್ಲಿ ಪಾಠ ಹೇಳುವ ಮೇಷ್ಟ್ರು ವಿಜಯಪುರದ ಕಡೆಯವರೇ. ಹಗಲು ಒಂದು ಖಾಸಗಿ ಶಾಲೆ, ಸಂಜೆ ಈ ತಾರಸಿ.

ನಾನು ಹೋದಾಗ ಅವರು ರದ್ದಿ ಕಾಗದ ಮಡಚುತ್ತಿದ್ದರು. ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ, ಪಂಚಿಂಗ್ ಮಷಿನ್ನಿನಲ್ಲಿ ಒಂದು ತೂತು ಹೊಡೆದರು. “ಬಿಚ್ಚಿದ್ರ ಎಷ್ಟ್ ತೂತು?” “ನಾಲ್ಕು ಸಾರ್!” ಅದು ಎಲ್ಲರಿಗೂ ಬಂತು. ಮುಂದಿನ ಹಾಳೆಯನ್ನು ಮೂರನೇ ಒಂದು ಪಾಲಷ್ಟೇ ಒಳಕ್ಕೆ ಮಡಚಿ, ಅಂಚಿನಲ್ಲಿ ಹೊಡೆದರು. “ಎರಡು!” ಎಂದು ತಾರಸಿಯೇ ಕೂಗಿತು. ಬಿಚ್ಚಿದರೆ ಒಂದೇ. ಅವರು ಹೊಡೆದ ಜಾಗದಲ್ಲಿ ಇದ್ದದ್ದು ಒಂದೇ ಪದರ. “ಮಡಿಕಿ ನೋಡಬ್ಯಾಡ್ರಿ, ಪದರ ನೋಡ್ರಿ” ಎಂದರು ಮೇಷ್ಟ್ರು. ಹಿಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ಕೂಗಿರಲಿಲ್ಲ. ನಿನಗೆ ಹೇಗೆ ಗೊತ್ತಾಯಿತೆಂದರೆ, “ಅಮ್ಮ ಬ್ಲೌಸ್ ಕತ್ತರಿಸೋದು ಹಿಂಗೇ ಸಾರ್. ಬಟ್ಟೆ ಎರಡು ಪದರ ಮಾಡ್ಕೊಂಡು ಅರ್ಧ ಕುತ್ತಿಗೆ ಕತ್ತರಿಸ್ತಾರೆ, ಬಿಚ್ಚಿದ್ರೆ ಪೂರ್ತಿ ಕುತ್ತಿಗೆ. ಪದರ ಜಾರಿದ್ರೆ ಬಟ್ಟೆ ಹೋಯ್ತು” ಎಂದಳು. ಇದಕ್ಕಿಂತ ಚೆನ್ನಾದ ವಿವರಣೆ ಯಾವ ಗೈಡಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ತೂತಿನ ಲೆಕ್ಕದ ಬೆನ್ನು ಹತ್ತಿದರೆ ಪ್ಯಾರಿಸ್‌ವರೆಗೆ ಹೋಗಬೇಕಾಗುತ್ತದೆ. 1905ರಲ್ಲಿ ಆಲ್ಫ್ರೆಡ್ ಬಿನೆ, ತಿಯೊಡೋರ್ ಸಿಮೋನ್ ಜೊತೆಗೂಡಿ ಮಕ್ಕಳ ಬುದ್ಧಿ ಅಳೆಯಲು ರೂಪಿಸಿದ ಪರೀಕ್ಷೆಯಲ್ಲಿ ಇದರ ಮುತ್ತಜ್ಜನಿದ್ದಾನೆ. ನಾಲ್ಕು ಪದರ ಮಡಚಿದ ಕಾಗದದ ಅಂಚಿನಲ್ಲಿ ಒಂದು ಚೂರು ಕತ್ತರಿಸಬೇಕು. ಬಿಚ್ಚಿದಾಗ ಹೇಗೆ ಕಾಣುತ್ತದೆಂದು ಮಗು ಚಿತ್ರ ಬರೆಯಬೇಕು. ಬಿನೆಗೆ ಬೇಕಿದ್ದದ್ದು ತರಗತಿಯ ಜಾಣರಲ್ಲ. ಮಾಮೂಲಿ ಪಾಠದಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ಪಾಠದ ವ್ಯವಸ್ಥೆ ಮಾಡಬೇಕಿತ್ತು. ಕೈ ಹಿಡಿದು ನಡೆಸಬೇಕಾದವರನ್ನು ಹುಡುಕಲು ಹುಟ್ಟಿದ ಕಾಗದ ಇವತ್ತು ಕೋಣನಕುಂಟೆಯ ತಾರಸಿಯಲ್ಲಿ ಮುಂದೆ ಓಡುವವರನ್ನು ಸೋಸುತ್ತಿದೆ. ನನಗೆ ಇದು ತಮಾಷೆಯಾಗಿಯೂ ಕಾಣುತ್ತದೆ, ಸ್ವಲ್ಪ ಅನ್ಯಾಯವಾಗಿಯೂ ಕಾಣುತ್ತದೆ.

ಪ್ರವೇಶ ಪರೀಕ್ಷೆಯಲ್ಲಿ ಈ ಲೆಕ್ಕ ಕೇಳುವ ನವೋದಯದ ಕಥೆ ಓದುಗರಿಗೆ ಗೊತ್ತಿದ್ದದ್ದೇ. ಪಿ.ವಿ. ನರಸಿಂಹ ರಾವ್ ಆಂಧ್ರದ ಮುಖ್ಯಮಂತ್ರಿಯಾಗಿದ್ದಾಗ, 1971ರಲ್ಲಿ, ನಲ್ಗೊಂಡ ಜಿಲ್ಲೆಯ ಸರ್ವೇಲಿನಲ್ಲಿ ಹಳ್ಳಿಯ ಜಾಣ ಮಕ್ಕಳಿಗಾಗಿ ವಸತಿ ಶಾಲೆ ತೆರೆದರು. ರಾಜೀವ್ ಗಾಂಧಿ ಸಂಪುಟದಲ್ಲಿ ಶಿಕ್ಷಣದ ಹೊಣೆ ಹೊತ್ತಾಗ ಅದೇ ಆಸೆ ದೇಶದ ಮಟ್ಟಕ್ಕೆ ಬಂತು. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲೆರಡು ಶಾಲೆ, ಆಮೇಲೆ ಜಿಲ್ಲೆಗೊಂದು. ತ್ರಿಭಾಷಾ ಸೂತ್ರ ಒಪ್ಪದ ತಮಿಳುನಾಡಿನಲ್ಲಿ ಮಾತ್ರ ಒಂದೂ ಇಲ್ಲ. ಆರರಿಂದ ಹನ್ನೆರಡನೇ ತರಗತಿವರೆಗೆ ಊಟ, ವಸತಿ, ಪುಸ್ತಕ ಎಲ್ಲ ಬಿಟ್ಟಿ. ಪಾತ್ರೆ ತೊಳೆದು, ಗೇಟು ಕಾದು ಮಕ್ಕಳನ್ನು ಓದಿಸುವ ಮನೆಗಳಿಗೆ ಅದೊಂದು ಲಾಟರಿಯೇ.

ಆ ಲಾಟರಿಗೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅರ್ಧದಷ್ಟು, ಅಂದರೆ 40 ಪ್ರಶ್ನೆ 50 ಅಂಕ, ಬರೀ ಚಿತ್ರಗಳದ್ದು: ಗುಂಪಿಗೆ ಸೇರದ ಆಕೃತಿ, ಕನ್ನಡಿಯ ಬಿಂಬ, ಅಡಗಿದ ಆಕೃತಿ, ಮಡಚಿದ ಕಾಗದ. ಉಳಿದರ್ಧದಲ್ಲಿ ಗಣಿತಕ್ಕೂ ಭಾಷೆಗೂ ಸಮಪಾಲು. ಕನ್ನಡದಲ್ಲೇ ಬರೆಯಬಹುದು. ಚಿತ್ರಗಳಿಗೆ ಇಷ್ಟು ತೂಕ ಕೊಟ್ಟದ್ದಕ್ಕೆ ಕಾರಣವಿದೆ. ಮನೆಯಲ್ಲಿ ಪುಸ್ತಕವಿಲ್ಲದ, ಒಳ್ಳೇ ಶಾಲೆ ಸಿಗದ ಹಳ್ಳಿ ಹುಡುಗನೂ ಪೇಟೆಯವನ ಸಮಕ್ಕೆ ನಿಲ್ಲಲಿ ಎಂದು. ಉದ್ದೇಶಕ್ಕೆ ಕೈ ಮುಗಿಯೋಣ. ಆದರೆ ಆ ತಾರಸಿಯಲ್ಲಿ ಕೂತು ನೋಡಿದ ಮೇಲೆ ನನ್ನ ನಂಬಿಕೆ ಸಡಿಲವಾಗಿದೆ. ಆ 40 ಪ್ರಶ್ನೆಗಳದ್ದು ಹತ್ತು ಬಗೆ, ಒಂದೊಂದು ಬಗೆಗೆ ನಾಲ್ಕು. ವರ್ಷ ಬದಲಾದರೂ ಬಗೆ ಬದಲಾಗುವುದು ಕಡಿಮೆ. ಗಣಿತದ ಬುನಾದಿ ಕುಸಿದಿದ್ದರೆ ಎತ್ತಿ ಕಟ್ಟಲು ವರ್ಷಗಳು ಬೇಕು. ಪದರ ಎಣಿಸುವ ಉಪಾಯಕ್ಕೆ ಕೆಲವು ಸಂಜೆ ಸಾಕು. ತಯಾರಿಯೇ ಬೇಡದಂತೆ ರೂಪಿಸಿದ ಭಾಗವೇ ಎಲ್ಲಕ್ಕಿಂತ ಸುಲಭವಾಗಿ ತಯಾರಿಗೆ ಸಿಕ್ಕಿಬಿಟ್ಟಿದೆ. ಮೇಷ್ಟ್ರೂ ಮುಚ್ಚುಮರೆ ಮಾಡಲಿಲ್ಲ: “ಫೀ ಕೊಡೋದು ಅದಕ್ಕರೀ. ಗಣಿತ ಸಾಲ್ಯಾಗ ಕಲೀತಾವ.”

ಉಳಿದ ಶಾಲೆಗಳದ್ದು ಬೇರೆ ಬೇರೆ ದಾರಿ. ವಿಜಯಪುರದಲ್ಲಿ 1963ರಿಂದ, ಕೊಡಗಿನ ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆಗಳಿವೆ. ಅಲ್ಲಿ ಆರನೇ ತರಗತಿಯ ಪ್ರವೇಶಕ್ಕೆ 300 ಅಂಕದ ಪರೀಕ್ಷೆ, ಅದರಲ್ಲಿ ಗಣಿತವೊಂದಕ್ಕೇ 150. ಲಿಖಿತ ಪರೀಕ್ಷೆ ದಾಟಿದ ಮೇಲೆ ವೈದ್ಯಕೀಯ ತಪಾಸಣೆ ಬೇರೆ. ಮೊರಾರ್ಜಿ ಶಾಲೆಗಳದ್ದು ರಾಜ್ಯದ್ದೇ ಪರೀಕ್ಷೆ, ನಡೆಸುವುದು ಪರೀಕ್ಷಾ ಪ್ರಾಧಿಕಾರ. ನಮ್ಮ ನಗರದೊಳಗೇ 1946ರ ಮಿಲಿಟರಿ ಶಾಲೆಯೊಂದಿದೆ, ಅದರ ಹೆಸರು ಆ ತಾರಸಿಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಎಲ್ಲರ ಕಣ್ಣು ನವೋದಯದ ಮೇಲೆ.

ತೊಡಕಿರುವುದೂ ಅಲ್ಲಿಯೇ. ಒಂದು ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ. ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿದ್ದ ಕೋಣನಕುಂಟೆ 2007ರಲ್ಲಿ ಬೃಹತ್ ಬೆಂಗಳೂರು ಹುಟ್ಟಿದಾಗ ಪಾಲಿಕೆಯೊಳಗೆ ಬಂತು. ಮೇಲ್ಸೇತುವೆ ಮೇಲೆ ರೈಲು ಓಡುವ ಊರನ್ನು ಹಳ್ಳಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ನಿಜ. ಆದರೆ ಆ ತಾರಸಿಯ ಮಕ್ಕಳ ಅಪ್ಪ-ಅಮ್ಮಂದಿರು ಹಳ್ಳಿ ಬಿಟ್ಟು ಗಾರೆ ಕೆಲಸಕ್ಕೆ, ಕಾವಲಿಗೆ, ಮನೆಗೆಲಸಕ್ಕೆ ಬಂದವರು. ಅವರ ಮಕ್ಕಳು ಈಗ ‘ನಗರದ ಅಭ್ಯರ್ಥಿಗಳು’. ಮೂರು, ನಾಲ್ಕು, ಐದನೇ ತರಗತಿಗಳಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಕೋಟಾ ಇಲ್ಲ. ಐದನೇ ತರಗತಿ ಯಾವ ಜಿಲ್ಲೆಯಲ್ಲೋ, ಪರೀಕ್ಷೆಯೂ ಆ ಜಿಲ್ಲೆಯ ಶಾಲೆಗೇ. ಇವರ ಪಾಲಿಗೆ ಅದು ನಗರದ ಇನ್ನೊಂದು ತುದಿಯ ಬಾಗಲೂರು. ಒಮ್ಮೆ ಬರೆದ ಮೇಲೆ ಮತ್ತೆ ಬರೆಯುವಂತಿಲ್ಲ.

ಮಗನನ್ನು ಕರೆದೊಯ್ಯಲು ಬಂದಿದ್ದ ತಂದೆಯೊಬ್ಬರು ಈ ನಿಯಮವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲರು. ಕನಕಪುರ ರಸ್ತೆಯ ಅಪಾರ್ಟ್‌ಮೆಂಟೊಂದರಲ್ಲಿ ಕಾವಲು ಕೆಲಸ, ಊರು ಯಾದಗಿರಿ ಜಿಲ್ಲೆ. ದೊಡ್ಡವನದು ಆಸೆ ಅಷ್ಟಕ್ಕಷ್ಟೇ ಎಂದರು. ಅವರ ಲೆಕ್ಕವೆಲ್ಲ ಎರಡನೇ ತರಗತಿ ಮುಗಿಸುವ ಚಿಕ್ಕವನ ಮೇಲೆ. “ಜೂನ್‌ದಾಗ ಟೀಸಿ ತಗೊಂಡು ಊರಿಗೆ ಬಿಡಾಂವ್ರೀ. ಅವನ ಆಯಿ ಅದಾಳ, ಸಾಲಿ ಮನಿ ಹಿಂದ ಐತಿ. ಐದರತನಕ ಅಲ್ಲೇ.” ಹಾಗಾದರೆ ಕೋಚಿಂಗ್? “ಐದನೇತ್ತಿಗೆ ಬಂದ ಮ್ಯಾಲ ಸೂಟಿಯೊಳಗ ಇಲ್ಲಿ ಕರಕೊಂಡು ಬರ್ತೀನಿ.” ಸರಿಯೋ ಎಂಬಂತೆ ಮೇಷ್ಟ್ರ ಮುಖ ನೋಡಿದರು. ದಾಖಲಾತಿ ಪುಸ್ತಕದಲ್ಲಿ ಇಲ್ಲಿನ ಶಾಲೆಯ ಹೆಸರು ಬಾರದಿದ್ದರೆ ಸಾಕು, ಸೂಟಿಯಲ್ಲಿ ಎಲ್ಲಿದ್ದರೇನು ಎಂದರು ಮೇಷ್ಟ್ರು, ಪಂಚಿಂಗ್ ಮಷಿನ್ನಿನ ಚೂರುಗಳನ್ನು ಪೇಪರಿಗೆ ಸುರಿಯುತ್ತ.