ಸ್ಟೀರಾಯ್ಡ್ ಎಚ್ಚರಿಕೆ ಕಾರ್ಡ್

ಸ್ಟೀರಾಯ್ಡ್ ಎಚ್ಚರಿಕೆ ಕಾರ್ಡ್ ಎಂಬುದು ದೀರ್ಘಕಾಲ ಸ್ಟೀರಾಯ್ಡ್ ಔಷಧಿಯನ್ನು ಸೇವಿಸುತ್ತಿರುವವರು ಸದಾ ತಮ್ಮೊಡನೆ ಇಟ್ಟುಕೊಳ್ಳುವ ಸಣ್ಣ ಮಾಹಿತಿ ಚೀಟಿ. ರೋಗಿಯು ಪ್ರಜ್ಞೆ ತಪ್ಪಿದಾಗ ಅಥವಾ ಮಾತನಾಡಲಾರದ ಸ್ಥಿತಿಯಲ್ಲಿದ್ದಾಗ, ಆತನಿಗೆ ತುರ್ತಾಗಿ ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು ಬೇಕಾಗಬಹುದೆಂಬ ಸಂಗತಿಯನ್ನು ಇದು ವೈದ್ಯರಿಗೆ ತಿಳಿಸುತ್ತದೆ. ಇಲ್ಲಿ ಸ್ಟೀರಾಯ್ಡ್ ಎಂದರೆ ಕಾರ್ಟಿಕೊಸ್ಟೀರಾಯ್ಡ್. ದೇಹದಾರ್ಢ್ಯಕ್ಕಾಗಿ ಕೆಲವರು ಬಳಸುವ ಅನಬಾಲಿಕ್ ಸ್ಟೀರಾಯ್ಡ್ ಇದರಿಂದ ಭಿನ್ನವಾದುದು.

ವೈದ್ಯಕೀಯ ಹಿನ್ನೆಲೆ

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಇರುವ ಎರಡು ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯ ಪ್ರಮಾಣವನ್ನೂ ಕಾಪಾಡಲು ಇದು ಅತ್ಯಗತ್ಯ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಸಿಟಿಎಚ್ ಎಂಬ ಹಾರ್ಮೋನಿನ ಮೂಲಕ ಅಡ್ರಿನಲ್ ಗ್ರಂಥಿಗಳನ್ನು ಪ್ರಚೋದಿಸುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟಿದ್ದರೆ ಈ ಪ್ರಚೋದನೆ ತಾನಾಗಿಯೇ ತಗ್ಗುತ್ತದೆ.

ಪ್ರೆಡ್ನಿಸೊಲೋನ್‌ನಂತಹ ಔಷಧಿಯನ್ನು ವಾರಗಟ್ಟಲೆ ಸೇವಿಸಿದಾಗ ದೇಹವು ಅದನ್ನೂ ಕಾರ್ಟಿಸಾಲ್ ಎಂದೇ ಪರಿಗಣಿಸುತ್ತದೆ. ಪ್ರಚೋದನೆ ದೊರೆಯದ ಅಡ್ರಿನಲ್ ಗ್ರಂಥಿಗಳು ಕ್ರಮೇಣ ಕುಗ್ಗುತ್ತವೆ. ಜ್ವರ, ಅಪಘಾತ ಅಥವಾ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಆರೋಗ್ಯವಂತರ ದೇಹವು ಹೆಚ್ಚು ಕಾರ್ಟಿಸಾಲನ್ನು ಉತ್ಪಾದಿಸುತ್ತದೆ. ಕುಗ್ಗಿದ ಗ್ರಂಥಿಗಳಿಗೆ ಅದು ಸಾಧ್ಯವಾಗುವುದಿಲ್ಲ. ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದಾಗಲೂ ಇದೇ ಕೊರತೆ ಉಂಟಾಗುತ್ತದೆ. ಆಗ ತೀವ್ರ ನಿಶ್ಶಕ್ತಿ, ವಾಂತಿ, ಹೊಟ್ಟೆನೋವು, ರಕ್ತದೊತ್ತಡದ ಕುಸಿತ, ಗೊಂದಲ ಮತ್ತು ಪ್ರಜ್ಞಾಹೀನತೆ ಕಾಣಿಸಿಕೊಳ್ಳಬಹುದು. ಅಡ್ರಿನಲ್ ಬಿಕ್ಕಟ್ಟು ಎನ್ನಲಾಗುವ ಈ ಸ್ಥಿತಿಯು ಚಿಕಿತ್ಸೆ ತಡವಾದರೆ ಪ್ರಾಣಾಂತಿಕವಾಗುತ್ತದೆ. ಇದರ ಲಕ್ಷಣಗಳು ಇತರ ಅನೇಕ ಕಾಯಿಲೆಗಳನ್ನು ಹೋಲುವುದರಿಂದ ಕಾರಣವನ್ನು ಗುರುತಿಸುವುದು ಸುಲಭವಲ್ಲ. ಕಾರ್ಡಿನ ಮಹತ್ವವಿರುವುದು ಇಲ್ಲಿಯೇ.

ಇತಿಹಾಸ

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಹೋದ್ಯೋಗಿಗಳು ಸಂಧಿವಾತದ ರೋಗಿಯೊಬ್ಬರಿಗೆ ಮೊದಲ ಬಾರಿಗೆ ಕಾರ್ಟಿಸೋನ್ ನೀಡಿದರು. ಅಡ್ರಿನಲ್ ಹಾರ್ಮೋನುಗಳ ಕುರಿತ ಸಂಶೋಧನೆಗಾಗಿ ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ಟಾಡಿಯಸ್ ರೈಖ್‌ಸ್ಟೈನ್ ಅವರಿಗೆ 1950ರ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ 1952ರಲ್ಲಿಯೇ, ಕಾರ್ಟಿಸೋನ್ ಪಡೆದಿದ್ದ ರೋಗಿಯೊಬ್ಬರು ಶಸ್ತ್ರಚಿಕಿತ್ಸೆಯ ಬಳಿಕ ಚೇತರಿಸಿಕೊಳ್ಳದೆ ಮೃತಪಟ್ಟ ವರದಿ ಪ್ರಕಟವಾಯಿತು. ಅವರ ಅಡ್ರಿನಲ್ ಗ್ರಂಥಿಗಳು ಕ್ಷಯಿಸಿದ್ದವು. ಔಷಧಿಯ ಈ ಇನ್ನೊಂದು ಮುಖ ಹೀಗೆ ಬೆಳಕಿಗೆ ಬಂದಿತು.

ಬ್ರಿಟನ್ನಿನಲ್ಲಿ ನೀಲಿ ಬಣ್ಣದ ಸ್ಟೀರಾಯ್ಡ್ ಚಿಕಿತ್ಸಾ ಕಾರ್ಡ್ ಬಹುಕಾಲದಿಂದ ಬಳಕೆಯಲ್ಲಿತ್ತು. 2020ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು ರೋಗಿಗಳ ಸುರಕ್ಷತೆಯ ಪ್ರಕಟಣೆಯೊಂದರ ಮೂಲಕ ತುರ್ತು ಚಿಕಿತ್ಸೆಗೆಂದೇ ರೂಪಿಸಿದ ಪ್ರತ್ಯೇಕ ಕಾರ್ಡನ್ನು ಜಾರಿಗೆ ತಂದಿತು.

ಕಾರ್ಡಿನಲ್ಲಿರುವ ವಿವರಗಳು

ರೋಗಿಯ ಹೆಸರು, ಜನ್ಮ ದಿನಾಂಕ, ಸ್ಟೀರಾಯ್ಡ್ ನೀಡಿರುವ ಕಾರಣ ಮತ್ತು ತುರ್ತು ಸಂಪರ್ಕದ ವಿವರಗಳನ್ನು ಇದರಲ್ಲಿ ಬರೆಯಲಾಗುತ್ತದೆ. ತುರ್ತು ಚಿಕಿತ್ಸೆಯ ಕ್ರಮವೂ ಮುದ್ರಿತವಾಗಿರುತ್ತದೆ. ವಯಸ್ಕರಿಗೆ ಕೂಡಲೇ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನನ್ನು ರಕ್ತನಾಳಕ್ಕೆ ಅಥವಾ ಸ್ನಾಯುವಿಗೆ ಚುಚ್ಚಿ, ಮುಂದಿನ 24 ಗಂಟೆಗಳಲ್ಲಿ 200 ಮಿಲಿಗ್ರಾಂ ನೀಡುವುದು ಹಾಗೂ ಸಲೈನ್ ಕೊಡುವುದು ಈ ಕ್ರಮ. ಮಕ್ಕಳಿಗೆ ಪ್ರಮಾಣ ಬೇರೆ.

ಯಾರಿಗೆ ಅಗತ್ಯ

ದಿನಕ್ಕೆ 5 ಮಿಲಿಗ್ರಾಂ ಅಥವಾ ಹೆಚ್ಚಿನ ಪ್ರೆಡ್ನಿಸೊಲೋನನ್ನು, ಇಲ್ಲವೇ ಅದಕ್ಕೆ ಸಮನಾದ ಬೇರೆ ಸ್ಟೀರಾಯ್ಡನ್ನು, 4 ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಸೇವಿಸುವ ವಯಸ್ಕರಿಗೆ ಕಾರ್ಡ್ ಬೇಕೆಂಬುದು ಬ್ರಿಟನ್ನಿನ ಮಾರ್ಗಸೂಚಿ. ಸಂಧಿವಾತ, ಅಸ್ತಮಾ, ಲೂಪಸ್ ಮುಂತಾದವುಗಳ ರೋಗಿಗಳು ಮತ್ತು ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಈ ಗುಂಪಿಗೆ ಸೇರಬಹುದು. ಅಧಿಕ ಪ್ರಮಾಣದ ಇನ್ಹೇಲರ್ ಮತ್ತು ಕೀಲುಗಳಿಗೆ ಪದೇ ಪದೇ ನೀಡುವ ಚುಚ್ಚುಮದ್ದುಗಳಿಂದಲೂ ಗ್ರಂಥಿಗಳು ಕುಗ್ಗಬಹುದು. ಔಷಧಿ ನಿಂತ ಬಳಿಕ ಗ್ರಂಥಿಗಳು ಚೇತರಿಸಿಕೊಳ್ಳಲು ಅನೇಕ ತಿಂಗಳುಗಳು ಬೇಕಾಗುವುದರಿಂದ, ಇತ್ತೀಚೆಗೆ ಮಾತ್ರೆ ನಿಲ್ಲಿಸಿದವರಿಗೂ ಅಪಾಯವಿರುತ್ತದೆ.

ಭಾರತದಲ್ಲಿ ಬಳಕೆ

ಭಾರತದಲ್ಲಿ ಪ್ರೆಡ್ನಿಸೊಲೋನ್ ಔಷಧಿಯು ವೈಸಲೋನ್, ಓಮ್ನಾಕಾರ್ಟಿಲ್ ಮೊದಲಾದ ಹೆಸರುಗಳಲ್ಲಿ ಮಾರಾಟವಾಗುತ್ತದೆ. ಇವು ವ್ಯಾಪಾರಿ ಹೆಸರುಗಳಾದ್ದರಿಂದ, ತಾನು ಸೇವಿಸುತ್ತಿರುವುದು ಸ್ಟೀರಾಯ್ಡ್ ಎಂಬುದು ರೋಗಿಗೆ ತಿಳಿಯದೇ ಇರಬಹುದು. ಮುದ್ರಿತ ಕಾರ್ಡ್ ದೊರೆಯದಿದ್ದಲ್ಲಿ ಔಷಧಿಯ ಮೂಲ ಹೆಸರು, ಪ್ರಮಾಣ, ಆರಂಭಿಸಿದ ದಿನಾಂಕ ಮತ್ತು ತುರ್ತು ಚಿಕಿತ್ಸೆಯ ಸೂಚನೆಯನ್ನು ವೈದ್ಯರಿಂದಲೇ ಬರೆಯಿಸಿ, ಸಹಿ ಪಡೆದು ಇಟ್ಟುಕೊಳ್ಳಬಹುದು. ಕನ್ನಡದ ಜೊತೆಗೆ ಇಂಗ್ಲಿಷಿನಲ್ಲಿಯೂ ಬರೆದಿದ್ದರೆ ಹೊರರಾಜ್ಯಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ಮುನ್ನೆಚ್ಚರಿಕೆಗಳು

ಕಾರ್ಡನ್ನು ಮನೆಯ ಕಪಾಟಿನಲ್ಲಿರಿಸದೆ ಕಿಸೆಯಲ್ಲಿ ಅಥವಾ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಅದು ಎಲ್ಲಿದೆಯೆಂಬುದು ಮನೆಯವರಿಗೂ ತಿಳಿದಿರಬೇಕು. ಹಲ್ಲು ಕೀಳಿಸುವ ಮುನ್ನ ಹಾಗೂ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ವೈದ್ಯರಿಗೆ ತೋರಿಸಬೇಕು. ಜ್ವರ ಬಂದಾಗ ಮಾತ್ರೆಯ ಪ್ರಮಾಣವನ್ನು ಎಷ್ಟು ಹೆಚ್ಚಿಸಬೇಕೆಂಬುದನ್ನು ವೈದ್ಯರಿಂದ ಮೊದಲೇ ಕೇಳಿ ತಿಳಿದಿರುವುದು ಉಚಿತ. ವಾಂತಿಯಿಂದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ವಿಳಂಬವಿಲ್ಲದೆ ಆಸ್ಪತ್ರೆಗೆ ಹೋಗಬೇಕು. ಕಾರ್ಡಿನ ಎಚ್ಚರಿಕೆಯನ್ನು ಓದಿ ಹೆದರಿ, ವೈದ್ಯರ ಸಲಹೆಯಿಲ್ಲದೆ ಮಾತ್ರೆಯನ್ನು ನಿಲ್ಲಿಸುವುದು ಸಲ್ಲದು.