ಹೊನ್ನಾವರ: ಅಳಿವೆಯ ಒಳಗಿನ ಹಳೆಯ ಬಂದರು

ತಾಮ್ರದ ತಟ್ಟೆಯಲ್ಲಿ ಅನ್ನ, ಅದರ ಮೇಲೆ ತುಪ್ಪ. ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಹಸಿ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. ಆಮೇಲೆ ಕೋಳಿ, ಮೀನು. ಕೊನೆಗೆ ಮೊಸರು. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ, ಇಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡ ಊಟವನ್ನು ಹೀಗೆ ಬಿಡಿಬಿಡಿಯಾಗಿ ಬರೆದಿಟ್ಟಿದ್ದಾನೆ. ಉತ್ತರ ಕನ್ನಡದವರಿಗೆ ಈ ಬಡಿಸುವ ಕ್ರಮವನ್ನು ಯಾರೂ ವಿವರಿಸಬೇಕಿಲ್ಲ. ಹಸಿ ಕಾಳುಮೆಣಸಿನ ಉಪ್ಪಿನಕಾಯಿ ಈಗಲೂ ಈ ಸೀಮೆಯ ಭರಣಿಗಳಲ್ಲಿದೆ.

ಅವನು ಬರೆದದ್ದು ಊಟದ ವಿಚಾರ ಮಾತ್ರವಲ್ಲ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವಂತೆ. ತಾನು ಬೇರೆಲ್ಲೂ ಇಂಥದ್ದನ್ನು ಕಂಡಿಲ್ಲ ಎಂದು ಅಚ್ಚರಿಪಟ್ಟಿದ್ದಾನೆ. ಜನರ ಬದುಕು ಕಡಲ ವ್ಯಾಪಾರದಿಂದ, ಬೇಸಾಯದಿಂದಲ್ಲ ಎಂದೂ ಗುರುತಿಸಿದ್ದಾನೆ. ಗೋವೆಯ ಮೇಲೆ ದಂಡೆತ್ತಿ ಹೋಗಲು ಸುಲ್ತಾನ 52 ಹಡಗುಗಳನ್ನು ಹೊರಡಿಸಿದಾಗ ಇವನೂ ಜೊತೆಗಿದ್ದ. ಒಂದು ಸಣ್ಣ ಬಂದರು ಅಷ್ಟು ಹಡಗುಗಳನ್ನು ಸಜ್ಜುಗೊಳಿಸಬೇಕಾದರೆ ಬಡಗಿಗಳು, ಹಾಯಿ ಹೊಲಿಯುವವರು, ಹಗ್ಗ ಹೊಸೆಯುವವರು, ಅಂಬಿಗರು ಎಷ್ಟು ಜನ ಇದ್ದಿರಬೇಕು! ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

ಈ ಬಂದರನ್ನು ಕಟ್ಟಿದವಳು ಶರಾವತಿ. ತೀರ್ಥಹಳ್ಳಿ ಬಳಿಯ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಗೇರುಸೊಪ್ಪೆ ದಾಟಿದ ಮೇಲೆ ನದಿ ಅಗಲವಾಗುತ್ತದೆ, ನಿಧಾನವಾಗುತ್ತದೆ. ಘಟ್ಟದ ಮೇಲಿನ ಕಾಳುಮೆಣಸು ಎತ್ತುಗಳ ಮೇಲೆ ಗೇರುಸೊಪ್ಪೆಗೆ ಇಳಿಯುತ್ತಿತ್ತು. ಅಲ್ಲಿಂದ ದೋಣಿಯಲ್ಲಿ ಸುಮಾರು 30 ಕಿ.ಮೀ. ಕೆಳಗೆ ಬಂದರೆ ಹೊನ್ನಾವರ. ನದಿ ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬ ಅಡ್ಡ ಇರುತ್ತದೆ. ಭರತದ ಹೊತ್ತು ನೋಡಿ ಅದನ್ನು ದಾಟಿದ ಹಾಯಿಹಡಗಿಗೆ ಒಳಗೆ ಗಾಳಿಯ ಕಾಟವಿಲ್ಲ, ಅಲೆಯ ಹೊಡೆತವಿಲ್ಲ. ಹೊರಗಿನವರಿಗೆ ಅಳಿವೆಯ ಗುಟ್ಟು ತಿಳಿಯದು. ಊರಿನ ಅಂಬಿಗ ದಾರಿ ತೋರಿಸಲೇಬೇಕು. ಇಂಥ ಬಂದರಿಗೆ ಮೊದಲ ಕಾವಲು ಆ ಮರಳೇ.

ಮೆಣಸಿನ ವಾಸನೆ ಹಿಡಿದು ಪೋರ್ಚುಗೀಸರು ಬಂದರು. 1505ರಲ್ಲಿ ಅವರ ವೈಸ್‌ರಾಯ್ ಅಲ್ಮೇಡ ಇಲ್ಲಿನ ಹಡಗುಗಳಿಗೆ ಬೆಂಕಿ ಹಾಕಿಸಿದ. ಐದು ವರ್ಷ ಕಳೆಯುವುದರೊಳಗೆ, ಇದೇ ಬಂದರಿನ ಕಡಲ ನಾಯಕ, ಅವರು ತಿಮೋಜ ಎಂದು ಕರೆದ ತಿಮ್ಮಯ್ಯ, ಗೋವೆ ಹಿಡಿಯಲು ಅಲ್ಬುಕರ್ಕ್‌ಗೆ ಒತ್ತಾಸೆಯಾಗಿ ನಿಂತ. ಗೇರುಸೊಪ್ಪೆಯಲ್ಲಿ ಆಳುತ್ತಿದ್ದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಅವಳ ಸರಕಿನ ಹೊರಬಾಗಿಲು ಹೊನ್ನಾವರವೇ. 1569ರಲ್ಲಿ ಆ ಬಾಗಿಲಿನ ಕೋಟೆ ಪೋರ್ಚುಗೀಸರ ಕೈಸೇರಿತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ, ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಇಲ್ಲಿಂದ ದೋಣಿ ಹತ್ತಿದ. ಶರಾವತಿಯ ಚೆಲುವನ್ನು ಮನಸಾರೆ ಹೊಗಳಿದ. ಗೇರುಸೊಪ್ಪೆ ಅಷ್ಟರಲ್ಲೇ ಹಾಳೂರಾಗಿತ್ತು. ರಾಣಿ ಆಳಿದ ನಗರವನ್ನು ಕಾಡು ನುಂಗಿದ್ದನ್ನು ಅವನು ಕಣ್ಣಾರೆ ಕಂಡು ಬರೆದಿದ್ದಾನೆ. ಮೇಲಿನ ಪೇಟೆ ಮುರಿದರೆ ಕೆಳಗಿನ ಬಂದರು ಬಡವಾಗದೆ ಇರುತ್ತದೆಯೇ?

ಮುಂದಿನದು ಕೈ ಬದಲಾದ ಕಥೆ. ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಹೊರಗಟ್ಟಿದ. ದಡದಿಂದ ಕಾಣುವ ನಡುಗಡ್ಡೆಗೆ ಕೆಳದಿಯವರು ಕೆಂಪುಕಲ್ಲಿನ ಗೋಡೆ ಕಟ್ಟಿದರು. ಅದೇ ಬಸವರಾಜ ದುರ್ಗ. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರಿನೊಂದಿಗೆ ಈ ಕರಾವಳಿಯೂ ಹೈದರಾಲಿಯದಾಯಿತು. 1783ರಲ್ಲಿ ಇಂಗ್ಲಿಷರು ಹೊನ್ನಾವರದ ಕೋಟೆ ಹಿಡಿದರು. ಟಿಪ್ಪುವಿನ ಪಡೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿತು. 1784ರ ಮಂಗಳೂರು ಒಪ್ಪಂದದ ನಂತರವೇ ಅದು ಮುಗಿದದ್ದು. 1799ರ ಬಳಿಕ ಇಂಗ್ಲಿಷರ ಆಳ್ವಿಕೆ ನೆಲೆಯೂರಿದಾಗ ಆಳ ನೀರು ಬೇಡುವ ದೊಡ್ಡ ಹಡಗುಗಳ ಕಾಲ ಹತ್ತಿರವಾಗಿತ್ತು. ಅಳಿವೆಯೊಳಗೆ ನುಸುಳಲಾರದ ಆ ಹಡಗುಗಳ ವ್ಯಾಪಾರ ಕಾರವಾರದ ಕಡೆಗೂ ಮಂಗಳೂರಿನ ಕಡೆಗೂ ಸರಿಯಿತು.

ಪರಂಪರೆ ಎಂದರೆ ನಾವು ಕೋಟೆಯ ಕಲ್ಲು ಎಣಿಸುತ್ತೇವೆ. ನನಗೆ ಹೊನ್ನಾವರದ ದೊಡ್ಡ ಆಸ್ತಿಯಾಗಿ ಕಾಣುವುದು ಈಗಲೂ ದುಡಿಯುತ್ತಿರುವ ಅದರ ನೀರು. ಹಳೆಯ ಬಂದರಿನ ಎದುರು ದಂಡೆಯ ಕಾಸರಕೋಡು ಟೊಂಕ, ನದಿ ಮತ್ತು ಕಡಲಿನ ನಡುವೆ ಚಾಚಿದ ಮರಳಿನ ನಾಲಿಗೆ. ಖಾರ್ವಿ, ಹರಿಕಂತ್ರ, ಅಂಬಿಗ, ಮೊಗೇರ, ದಾಲ್ದಿ ಮನೆಗಳವರು ಇಲ್ಲಿ ಒಂದೇ ಕಡಲನ್ನು ನಂಬಿದ್ದಾರೆ. ಗಂಡಸರು ತಂದ ಬಂಗಡೆ, ತಾರ್ಲೆಯನ್ನು ಹೆಂಗಸರು ಆ ಮರಳಿನ ಮೇಲೆ ಒಣಗಿಸುತ್ತಾರೆ. ಒಣಮೀನಿನ ವ್ಯವಹಾರದ ಲೆಕ್ಕ, ಸಾಲ, ಮಾರಾಟ ಬಹುಪಾಲು ಅವರ ಕೈಯಲ್ಲೇ. ಜೂನ್‌ ಮತ್ತು ಜುಲೈ, ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವ 61 ದಿನ, ಎಷ್ಟೋ ಮನೆಗಳ ಒಲೆ ಉರಿಯುವುದು ಆ ಒಣಮೀನಿನಿಂದ. ಸಂಕ್ರಾಂತಿಯ ಹೊತ್ತಿಗೆ ಇದೇ ಜನ ಸಿಂಗರಿಸಿದ ಬೋಟುಗಳಲ್ಲಿ ಬಸವರಾಜ ದುರ್ಗದ ಜಾತ್ರೆಗೆ ಹೋಗುತ್ತಾರೆ.

ನೀರಿನ ಆರೋಗ್ಯ ಮಾತ್ರ ಕೆಟ್ಟಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ವಿದ್ಯುತ್ತಿಗೆಂದು ಬಿಡುವ ಸಿಹಿನೀರು ಬೇಸಿಗೆಯಲ್ಲೂ ಹರಿದುಬರುತ್ತದೆ. ಅಳಿವೆಯ ಉಪ್ಪು ತೆಳುವಾಯಿತು, ಉಪ್ಪುನೀರು ಬೇಡುವ ಚಿಪ್ಪುಮೀನು ಬೆಳಚು ಅಳಿಯುತ್ತ ಬಂತು. ಪಕ್ಕದ ಕುಮಟೆಯ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಬೆಳಚು ಆಯ್ದು ಬದುಕುವವರು ಇನ್ನೂ ಸಾವಿರಾರು. ನಾಡಿಗೆ ಬೆಳಕು ಕೊಟ್ಟ ನದಿ ತನ್ನ ಬಾಯಿಯ ರುಚಿಯನ್ನೇ ಕಳೆದುಕೊಂಡಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬ ನೋವು ನನಗಿದೆ.

ಇನ್ನು ಅಳಿವೆ. ಒಂದು ಕಾಲದಲ್ಲಿ ಕಾವಲಾಗಿದ್ದ ಮರಳು ಇವತ್ತು ಜೀವಕ್ಕೆ ಕುತ್ತು. ಹೂಳು ತುಂಬಿ ದಾರಿ ಸರಿಯುತ್ತದೆ, ಮೀನು ಹೇರಿಕೊಂಡು ಬರುವ ಬೋಟು ದಿಬ್ಬಕ್ಕೆ ತಾಗಿ ಮಗುಚುತ್ತದೆ. ಹೂಳೆತ್ತಿ, ತಡೆಗೋಡೆ ಕಟ್ಟಿಕೊಡಿ ಎಂಬುದು ಮೀನುಗಾರರ ಹಳೆಯ ಬೇಡಿಕೆ. ಅದು ಈಡೇರುವ ಮೊದಲೇ, 2010ರಲ್ಲಿ, ಟೊಂಕದ ಮರಳಿನ ಮೇಲೆ ಖಾಸಗಿ ಸರಕು ಬಂದರಿನ ಒಪ್ಪಂದವಾಯಿತು. ಒಣಮೀನಿನ ಅಂಗಳಗಳೂ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವ ದಂಡೆಯೂ ಅದೇ ಮರಳು. ಆಮೆಯ ಗೂಡು ಕಂಡರೆ ಊರವರು ಅರಣ್ಯ ಇಲಾಖೆಯೊಂದಿಗೆ ಸೇರಿ ಬೇಲಿ ಕಟ್ಟಿ ಕಾಯುತ್ತಾರೆ, ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಈ ಖಾಸಗಿ ಬಂದರಿನ ಸುತ್ತ ವರ್ಷಗಳಿಂದ ಪ್ರತಿಭಟನೆ, ಪೊಲೀಸ್ ಪಹರೆ, ನ್ಯಾಯಾಲಯ ನಡೆದಿದೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ ಇರುವುದೂ ಇದೇ ಕಾಸರಕೋಡಿನಲ್ಲಿ.

ಬಂದರು ಎಂದರೇ ಬೇಡ ಎನ್ನುವವರಲ್ಲ ಇಲ್ಲಿನ ಮೀನುಗಾರರು. ಏಳುನೂರು ವರ್ಷಗಳಿಂದ ಬಂದರಿನವರೇ ಆಗಿರುವ ಜನ ಅವರು. ಅವರ ಪ್ರಶ್ನೆ, ಬಂದರು ಯಾರಿಗಾಗಿ ಎಂಬುದು. ಸರ್ಕಾರ ಮೊದಲು ಅಳಿವೆಯ ಹೂಳೆತ್ತಲಿ, ಮೀನುಗಾರರು ಕೇಳಿದ ತಡೆಗೋಡೆ ಕಟ್ಟಲಿ, ಆಮೆಗಳ ದಂಡೆಯನ್ನೂ ಮೀನು ಒಣಗಿಸುವ ಅಂಗಳಗಳನ್ನೂ ಮುಟ್ಟದಿರಲಿ. ಬಸವರಾಜ ದುರ್ಗದ ಗೋಡೆಗಳನ್ನು ಮರದ ಬೇರುಗಳು ಸೀಳುವ ಮೊದಲು ಪುರಾತತ್ವದವರು ಅಳತೆ ಹಿಡಿದು ದಾಖಲಿಸಲಿ. ಓದುಗರೇ, ಮುಂದಿನ ಸಲ ರಾಷ್ಟ್ರೀಯ ಹೆದ್ದಾರಿ 66ರ ಶರಾವತಿ ಸೇತುವೆ ದಾಟುವಾಗ ಪಡುವಣಕ್ಕೊಮ್ಮೆ ನೋಡಿ ಹಾಗೇ ಮುಂದೆ ಹೋಗಿಬಿಡಬೇಡಿ. ಟೊಂಕಕ್ಕೆ ಇಳಿಯಿರಿ, ಅಲ್ಲಿನ ಹೆಂಗಸರಿಂದಲೇ ಒಣಮೀನು ಕೊಳ್ಳಿ, ಅಳಿವೆಯ ಸ್ಥಿತಿಯನ್ನು ಅವರ ಬಾಯಲ್ಲೇ ಕೇಳಿ.